ಕುಡಿಯದೆ ಉಳಿದ ನೀರು

ಮಠದ ಆಸ್ಪತ್ರೆಯಲ್ಲಿ ಒಂದು ವಾರ ರೋಗಿಗಳ ಆರೈಕೆ ಮಾಡಿದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: “ಗುರುಗಳೇ, ಹಾಸಿಗೆಯಲ್ಲೇ ಮಲ ಮಾಡಿಕೊಂಡ ರೋಗಿಯನ್ನು ತೊಳೆಯಲು ಹೋದರೆ ಅಸಹ್ಯವಾಗಿ ಮುಖ ತಿರುಗಿಸಿಬಿಡುತ್ತೇನೆ. ಈ ಅಸಹ್ಯ ಹೋಗುವವರೆಗೆ ನಾನು ಸೇವೆಗೆ ತಕ್ಕವನಲ್ಲ, ಅಲ್ಲವೇ?”

ಗುರುಗಳು ಹೇಳಿದರು:

ಒಬ್ಬ ಅಡುಗೆಯವನಿದ್ದ. ಮದುವೆ ಮನೆಗಳಲ್ಲಿ ಸಾವಿರ ಜನಕ್ಕೆ ಬೇಯಿಸುವವನು. ಸ್ನಾನ ಮಾಡದೆ ಒಂದು ಪಾತ್ರೆಯನ್ನೂ ಮುಟ್ಟಿದವನಲ್ಲ. ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ. ಕೊಟ್ಟ ಔಷಧಿಯಿಂದ ಭೇದಿ ಹತ್ತಿತು. ಏಳುವ ಶಕ್ತಿ ಇರಲಿಲ್ಲ. ಎರಡು ಸಲ, ಅವನಿಗೆ ತಿಳಿಯುವುದರೊಳಗೆ, ಹಾಸಿಗೆಯಲ್ಲೇ ಆಗಿಹೋಯಿತು. ಆಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಗಂಜಿ ಬೇಡವೆಂದ.

ಮರುದಿನ ಅವನ ನಾಲಿಗೆ ಒಣಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನರ್ಸ್ ಫ್ಲೋರಿನ್ ಬಂದಳು. ಲೋಟದ ನೀರು ಹಾಗೆಯೇ ಇರುವುದನ್ನು ಕಂಡು, “ಯಾಕೆ ಕುಡಿದಿಲ್ಲ?” ಎಂದು ಕೇಳಿದಳು.

“ಕುಡಿದರೆ ಮತ್ತೆ ನಿಮ್ಮ ಕೈಗೆ ಆ ಕೆಲಸ ಬರುತ್ತದಮ್ಮ.”

“ಬರಲಿ. ಕುಡಿಯದಿದ್ದರೆ ನಾಳೆ ಇದೇ ಕೈಯಿಂದ ನಿಮ್ಮ ಮುಖದ ಮೇಲೆ ಬಟ್ಟೆ ಎಳೆಯಬೇಕಾದೀತು. ಅದಕ್ಕಿಂತ ನನಗೆ ಈ ಕೆಲಸವೇ ಇಷ್ಟ.”

ಅವನು ಕುಡಿದ. ಅವಳು ವೈದ್ಯರಿಗೆ ತಿಳಿಸಿದಳು. ಅವರು ಔಷಧಿ ಬದಲಿಸಿದರು. ಅವಳು ಮಂಚದ ಸುತ್ತ ಪರದೆ ಕಟ್ಟಿದಳು. ಎರಡೆರಡು ಗಂಟೆಗೆ ತಾನೇ ಬಂದು ಬೆಡ್‌ಪ್ಯಾನ್ ಬೇಕೇ ಎಂದು ಮೆಲ್ಲಗೆ ಕೇಳುತ್ತಿದ್ದಳು. ಆದರೂ ಕೆಲವು ಸಲ ತಡವಾಗುತ್ತಿತ್ತು. ಆಗ ಬೆಚ್ಚನೆಯ ನೀರಿನಲ್ಲಿ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಚರ್ಮ ಒಡೆಯದಂತೆ ಮುಲಾಮು ಹಚ್ಚುತ್ತಿದ್ದಳು. ಆ ಹೊತ್ತಿಗೆ ಅವಳದು ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು. ಹೋಳಿಗೆಯ ಕಣಕ ಎಷ್ಟು ಹೊತ್ತು ನೆನೆಯಬೇಕು? ಸಾರಿಗೆ ಹುಳಿ ಯಾವಾಗ ಹಿಂಡಬೇಕು? ಅವನು ಹೇಳಿ ಮುಗಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಕೊನೆಕೊನೆಗೆ ಅವಳು ಕೇಳದಿದ್ದರೂ ಅವನೇ ಶುರುಮಾಡುತ್ತಿದ್ದ.

ನಾಲ್ಕು ದಿನಕ್ಕೆ ಭೇದಿ ನಿಂತಿತು. ಆರನೆಯ ದಿನ ಅವನು ಗೋಡೆ ಹಿಡಿದು ತಾನೇ ಬಚ್ಚಲಿಗೆ ನಡೆದು, ಹೊಟ್ಟೆ ತುಂಬ ಉಂಡು, ಹಗಲಿಡೀ ನಿದ್ದೆ ಮಾಡಿದ. ಮುಂದೆ ಅವಳ ಮಗಳ ಮದುವೆಗೆ ಕರೆಯದೆಯೇ ಬಂದು ಒಲೆಯ ಮುಂದೆ ನಿಂತ. ಅವನು ಮಾಡಿದ ಹೋಳಿಗೆಯನ್ನು ನಾನೂ ಉಂಡಿದ್ದೇನೆ.

ಶಿಷ್ಯ ನಿಟ್ಟುಸಿರು ಬಿಟ್ಟ. “ಪುಣ್ಯವಂತೆ. ಆಕೆಗೆ ಅಸಹ್ಯವೆಂಬುದೇ ಇರಲಿಲ್ಲ.”

ಗುರುಗಳು ಹೇಳಿದರು: “ಪ್ರತಿ ಸಲವೂ ಇತ್ತೆಂದು ಆಕೆಯೇ ನನಗೆ ಹೇಳಿದಳು, ಅವನಿಗೆ ಮಾತ್ರ ಇಂದಿಗೂ ಗೊತ್ತಿಲ್ಲ.”