ಉಪ್ಪು ನೋಡುವವರು

ಶಾಲೆಗೆ ಮಾತಾಡುವ ಹಲಗೆ ತಂದ ಸಾಹೇಬರು ಹುಕುಂ ಹೊರಡಿಸಿದರು: "ಇನ್ನು ಪಾಠವೆಲ್ಲ ಇದೇ ಮಾಡುತ್ತೆ. ಅಕ್ಕೋರು ನಾಳೆಯಿಂದ ಬೇರೆ ಊರಿಗೆ!"

ಬಿಸಿಯೂಟದ ಅಡುಗೆ ಮಾಡುವ ಸಾವಂತ್ರೆವ್ವ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ನಲವತ್ತು ದಾಟಿದ ತನ್ನ ಕೈ ಹಿಡಿದು ಹೆಸರು ಬರೆಯಲು ಕಲಿಸಿದವರು ಆ ಅಕ್ಕೋರು. ಸಾವಂತ್ರೆವ್ವ ನೇರ ಅಡುಗೆಕೋಣೆಗೆ ಹೋದಳು. ಮಧ್ಯಾಹ್ನ ಸಾರಿನ ಸೌಟು ಹಿಡಿದು ಬಂದು ಹಲಗೆಯ ಮುಂದೆ ನಿಂತಳು.

"ಇದೇನಮ್ಮ?" ಎಂದರು ಸಾಹೇಬರು.

"ಮಕ್ಕಳಿಗೆ ಬಡಿಸೂಕಿಂತ ಮೊದಲ ಕಲಿಸೋರು ರುಚಿ ನೋಡಬೇಕು ಅಂತ ಕಾಯ್ದೆ ಐತ್ರಿ. ಈಗ ಕಲಿಸೋರು ಇದ ಅಲ್ಲೇನ್ರಿ?"

ಸಾಹೇಬರು ಸಿಡುಕುತ್ತ ಹಲಗೆಯ ಮೇಲೆ ಬೆರಳಲ್ಲೇ 'ರುಚಿ ಸರಿಯಿದೆ' ಎಂದು ಗೀಚಿದರು. "ಆಯ್ತಲ್ಲ? ಬಡಿಸು!"

ಸಾವಂತ್ರೆವ್ವ ಮೊದಲು ಅವರಿಗೇ ಬಡಿಸಿದಳು. ಒಂದೇ ತುತ್ತಿಗೆ ಸಾಹೇಬರು ಮುಖ ಕಿವುಚಿದರು. "ಉಪ್ಪೇ ಇಲ್ಲವಲ್ಲ!"

"ಹಲಗಿ ಸರಿ ಐತಿ ಅಂತಲ್ರಿ! ಅಕ್ಕೋರಾಗಿದ್ರ ಮೊದಲ ಹೇಳತಿದ್ರು."

ಮಕ್ಕಳು ಗೊಳ್ಳೆಂದು ನಕ್ಕರು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಒಳಗೆ ಪುಸ್ತಕ ಕಟ್ಟಿಡುತ್ತಿದ್ದ ಅಕ್ಕೋರನ್ನು ತಾವೇ ಕರೆದರು. "ಹಲಗೆಯೂ ಇರಲಿ, ನೀವೂ ಇರಿ. ಮೊದಲು ಉಪ್ಪು ನೋಡಿ."

ಉಪ್ಪು ಬಿತ್ತು. ಅಕ್ಕೋರು ರುಚಿ ನೋಡಿ ಬಿಸಿಯೂಟದ ವಹಿಯಲ್ಲಿ ಸಹಿ ಹಾಕಿದರು. ಅದರ ಕೆಳಗೆ ಸಾವಂತ್ರೆವ್ವ, ಅವರೇ ಕಲಿಸಿದ ಅಕ್ಷರಗಳಲ್ಲಿ, ಒಂದೊಂದಾಗಿ ತನ್ನ ಹೆಸರು ಬರೆದಳು.