ನೇಕಾರ ಕತ್ತರಿಸಿದ ಹಾಸು

“ಗುರುಗಳೇ, ಮನಸ್ಸೇ ನಿಲ್ಲದವನಿಗೆ ಧ್ಯಾನ ಹೇಗೆ ಬರುತ್ತದೆ?” ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಎರಡು ತಿಂಗಳಾಗಿತ್ತು. ದಿನವೂ ಕೂರುತ್ತಿದ್ದ. ಮನಸ್ಸು ಅತ್ತಿತ್ತ ಹೋದೊಡನೆ, ಇವತ್ತಿನದು ಕೆಟ್ಟಿತು, ನಾಳೆ ಮೊದಲಿನಿಂದ ಶುರು ಮಾಡುತ್ತೇನೆ ಎಂದು ಎದ್ದುಬಿಡುತ್ತಿದ್ದ. ಈಗ ಚೀಲ ಹೆಗಲಿಗೇರಿಸಿ ಊರಿಗೆ ಹೊರಟು ನಿಂತಿದ್ದ.

ಗುರುಗಳಿಗೆ ರೇಗಿತು. “ಇದನ್ನೇ ಎಷ್ಟು ಸಲ ಕೇಳುತ್ತೀಯಪ್ಪ? ಚೀಲ ಕೆಳಗಿಡು. ಒಂದು ಕತೆ ಕೇಳು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು” ಎಂದರು.

ಒಬ್ಬ ನೇಕಾರನಿದ್ದ. ಮಗಳು ಧಾರೆಗೆ ಉಡುವ ಸೀರೆಯನ್ನು ತಂದೆಯೇ ನೇಯಬೇಕೆಂಬುದು ಅವನ ಕುಲದ ಪದ್ಧತಿ. ಮಗಳ ಮದುವೆ ಗೊತ್ತಾಯಿತು. ನೇಕಾರ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಹೂಡಿದ. ಗೇಣುದ್ದ ನೇಯುವಷ್ಟರಲ್ಲಿ ಹಾಸಿನ ಒಂದು ಎಳೆ ಕಡಿಯಿತು.

ಎಳೆ ಕಡಿದರೆ ಗಂಟು ಹಾಕಿ ಮುಂದೆ ನೇಯಬೇಕು. ಅದು ಅವನಿಗೆ ಗೊತ್ತಿಲ್ಲವೇ? ಊರವರ ಸೀರೆಗಳನ್ನೆಲ್ಲ ಹಾಗೆಯೇ ನೇಯ್ದವನು. ಆದರೆ ಮಗಳ ಸೀರೆಯಲ್ಲಿ ಗಂಟೇ? ಪುಣ್ಯಾತ್ಮ ಇಡೀ ಹಾಸನ್ನೇ ಕತ್ತರಿಸಿ ತೆಗೆದ. ಇನ್ನೊಂದು ಹೂಡಲು ನಾಲ್ಕು ದಿನ ಹಿಡಿಯಿತು. ಅದರಲ್ಲೂ ಎಳೆ ಕಡಿಯಿತು. ಅದನ್ನೂ ತೆಗೆದ. ಹೆಂಡತಿ ತಲೆ ಚಚ್ಚಿಕೊಂಡಳು. ಅವನು ಮೂರನೆಯದನ್ನು ಹೂಡಿದ, ನಾಲ್ಕನೆಯದನ್ನೂ ಹೂಡಿದ.

ಮದುವೆಯ ಹಿಂದಿನ ದಿನ ಮಗಳು ಮಗ್ಗದ ಬಳಿ ಬಂದಳು. ಅಲ್ಲಿದ್ದದ್ದು ಗೇಣುದ್ದ ಬಟ್ಟೆ.

“ಅಪ್ಪಾ, ನೂರು ಗಂಟಿದ್ದರೂ ಉಡುತ್ತಿದ್ದೆನಲ್ಲ. ಇದನ್ನು ಹೇಗೆ ಉಡಲಿ?” ಎಂದು ಅತ್ತಳು.

ಮರುದಿನ ಅವಳು ತಾಯಿಯ ಧಾರೆಸೀರೆ ಉಟ್ಟು ನಿಂತಳು. ಅದನ್ನು ನೇಯ್ದವನು ತಾಯಿಯ ತಂದೆ. ಅದರ ಒಳಮೈ ತುಂಬ ಗಂಟುಗಳಿದ್ದವು. ನೆರೆದವರೆಲ್ಲ ಎಂಥ ಸೀರೆ ಎಂದು ಹೊಗಳಿದರು. ನೇಕಾರ ತಲೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. “ಮನಸ್ಸು ಹೋಗುತ್ತದೆ. ಹೋಯಿತೆಂದು ತಿಳಿದ ಕೂಡಲೇ ಮತ್ತೆ ಉಸಿರಿನ ಮೇಲೆ ತಂದು ಕೂರಿಸು. ಹೊಸಬನ ಕೆಲಸ ಇಷ್ಟೇ. ನೀನೋ, ದಿನಕ್ಕೊಂದು ಹಾಸು ಕತ್ತರಿಸಿ ಎದ್ದು ಹೋಗುತ್ತಿದ್ದೀಯ” ಎಂದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅದು ನನ್ನಂಥವರ ಪಾಡು. ನಲವತ್ತು ವರ್ಷ ಕೂತ ನಿಮ್ಮ ಮನಸ್ಸೂ ಓಡುತ್ತದೆಯೇ?” ಎಂದು ಕೇಳಿದ.

“ಇವತ್ತು ಬೆಳಿಗ್ಗೆಯೆಲ್ಲ ನಿನ್ನ ಮೇಲಿನ ಸಿಟ್ಟಿನ ಕಡೆಗೇ ಓಡುತ್ತಿತ್ತು, ನಾನು ಮಾತ್ರ ಏಳಲಿಲ್ಲ” ಎಂದರು ಗುರುಗಳು.