ತಾಳುಕಟ್ಟೆ

ಸುಣ್ಣದಪಾಳ್ಯದ ಪೇಟೆಬೀದಿಯನ್ನು ದಾಟಿದ ಬಸ್ಸು ಹಳೆಯ ಸುಣ್ಣದ ಗೂಡುಗಳ ಇಳಿಜಾರನ್ನು ಇಳಿದು ಕರುಣಾಮಾತೆ ಬಾಲಕಿಯರ ಪ್ರೌಢಶಾಲೆಯ ಮುಂದೆ ನಿಲ್ಲುತ್ತದೆ. ಕಂಡಕ್ಟರು ಶಾಲೆಯ ಹೆಸರು ಹೇಳುವುದಿಲ್ಲ. 'ಯಾರ್ರೀ ತಾಳುಕಟ್ಟೆ, ಇಳೀರಿ' ಎಂದು ಕೂಗುತ್ತಾನೆ. ನೀಲಿ ಸಮವಸ್ತ್ರದ ಹುಡುಗಿಯರು ದಡದಡನೆ ಇಳಿದು ಹೆಬ್ಬಾಗಿಲಿನೊಳಗೆ ಹೋಗುತ್ತಾರೆ. ಬಾಗಿಲಿನ ಎಡಕ್ಕೆ, ಕಾಂಪೌಂಡಿಗೆ ಒರಗಿದಂತೆ, ಸೊಂಟದೆತ್ತರದ ಒಂದು ಕಲ್ಲುಕಟ್ಟೆ ಇದೆ. ಬಸ್ಸು ಎಷ್ಟೇ ತಡವಾದರೂ ಅದರ ಮೇಲೆ ಯಾರೂ ಕೂರುವುದಿಲ್ಲ. ಇಲ್ಲಿ ಹಿಂದೆ ತಾಳೆಮರಗಳ ತೋಪಿತ್ತು, ಅದರಿಂದ ಈ ಹೆಸರು ಬಂತು ಎಂದು ಕೆಲವರು ಹೇಳುತ್ತಾರೆ. ತಾಳೆಂದರೆ ಹಳಗನ್ನಡದಲ್ಲಿ ಬಾಗಿಲಿನ ಅಗುಳಿ ಎಂದು ಪಂಡಿತರೊಬ್ಬರು ಶಾಲೆಯ ಶತಮಾನೋತ್ಸವದ ಸಂಚಿಕೆಯಲ್ಲಿ ಬರೆದರು. ನಾನು ಆ ಶಾಲೆಯಲ್ಲಿ ಓದಿ, ಅಲ್ಲಿಯೇ ಮೂವತ್ತು ವರ್ಷ ಕನ್ನಡ ಕಲಿಸಿದವಳು. ನನಗೆ ಈ ಹೆಸರಿನ ಕಥೆ ಹೇಳಿದವಳು ನನ್ನ ಅಜ್ಜಿ ಮದಲೇನಮ್ಮ. ಅವಳು ಕೇಳಿ ಹೇಳಿದ್ದಲ್ಲ, ಕಂಡು ಹೇಳಿದ್ದು.

ಹಿಂದೆ ಒಮ್ಮೆ, ಮೈಸೂರು ಸೀಮೆಗೆ ಮೊದಲ ಸಲ ಪ್ಲೇಗು ಕಾಲಿಡುವುದಕ್ಕೆ ಐದಾರು ವರ್ಷ ಮುಂಚೆ, ಫ್ರಾನ್ಸ್ ದೇಶದಿಂದ ಬಂದ ಮದರ್ ಯುಲಾಲಿ ಎಂಬ ಕನ್ಯಾಸ್ತ್ರೀ ಇಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆದರು. ಯುಲಾಲಿ ಎಂಬುದು ಪಾಳ್ಯದವರ ನಾಲಿಗೆಗೆ ಒಗ್ಗದೆ ಅವರು ಹೂಲಮ್ಮನಾದರು. ಆಗ ಶಾಲೆಯೆಂದರೆ ಎರಡು ಹೆಂಚಿನ ಕೋಣೆ, ಬರಗಾಲದಲ್ಲಿ ತಬ್ಬಲಿಗಳಾದ ಹತ್ತು ಹುಡುಗಿಯರು, ಹೂಲಮ್ಮನ ಜೊತೆಗೆ ಇನ್ನೊಬ್ಬ ಸಿಸ್ಟರು, ಅಷ್ಟೇ. ಚಿರತೆಯ ಕಾಟ ಹೆಚ್ಚಾಗಿ, ಎರಡು ಹರಿದಾರಿ ದೂರದ ಮುತ್ತಿಗೆಪುರದಿಂದ ಚೌರಪ್ಪನೆಂಬ ಕಲ್ಲುಕೆಲಸದವನನ್ನು ಕರೆಸಿ ಸುತ್ತ ಗೋಡೆ ಕಟ್ಟಿಸಿದರು. ಆಳೆತ್ತರಕ್ಕೂ ಮಿಗಿಲಾದ ಗೋಡೆ, ಕಲ್ಲಿನ ಸಂದಿನಲ್ಲಿ ಸೂಜಿ ತೂರದ ಕೆಲಸ. ಚೌರಪ್ಪನ ಜೊತೆ ಅವನ ಒಬ್ಬಳೇ ಮಗಳು, ಎಂಟು ವರ್ಷದ ಜ್ಞಾನಮ್ಮ, ಮಟ್ಟದ ದಾರ ಹಿಡಿಯಲು ಬರುತ್ತಿದ್ದಳು. ಕಿಟಕಿಯಿಂದ ಕೇಳಿಬರುತ್ತಿದ್ದ ಪಾಠವನ್ನು ಅವಳು ಹಾಗೆಯೇ ಒಪ್ಪಿಸುತ್ತಿದ್ದಳಂತೆ. ಒಂದು ದಿನ ಹಸಿ ಗಾರೆಯ ಮೇಲೆ ಕಡ್ಡಿಯಿಂದ ತನ್ನ ಹೆಸರನ್ನು ತಾನೇ ಬರೆದದ್ದನ್ನು ಹೂಲಮ್ಮ ಕಂಡರು. ಮಗುವನ್ನು ನನಗೆ ಬಿಟ್ಟುಕೊಡು ಎಂದು ಚೌರಪ್ಪನನ್ನು ಕೇಳಿದರು. 'ಕಲ್ಲು ಹೊರೋಳಿಗೆ ಅಕ್ಷರ ಯಾತಕ್ಕಮ್ಮ?' ಎಂದನಂತೆ ಅವನು. 'ಹೊರದೆ ಇರಲಿ ಎಂದು' ಎಂದರಂತೆ ಅವರು. ಗೋಡೆ ಮುಗಿದ ದಿನ ಅಪ್ಪ ಊರಿಗೆ ಹೋದ, ಮಗಳು ಒಳಗುಳಿದಳು.

ಜ್ಞಾನಮ್ಮ ಹದಿಮೂರಕ್ಕೆ ಕಾಲಿಡುವ ಹೊತ್ತಿಗೆ ಬೋರ್ಡಿಂಗಿನಲ್ಲಿ ಅವಳೂ ಸೇರಿ ಮೂವತ್ತೆರಡು ಮಕ್ಕಳಿದ್ದರು. ಚಿಕ್ಕವರಿಗೆ ಮಗ್ಗಿ ಹೇಳಿಕೊಡುವುದು ಅವಳ ಪಾಲಿಗೆ ಬಂದಿತ್ತು. ಮರುವರ್ಷ ಅವಳನ್ನು ಮೈಸೂರಿಗೆ ಕಳಿಸಿ ಉಪಾಧ್ಯಾಯಿನಿಯ ತರಬೇತಿ ಕೊಡಿಸಬೇಕೆಂದು ಹೂಲಮ್ಮ ಪತ್ರ ಬರೆದು ಒಪ್ಪಿಗೆಯನ್ನೂ ತರಿಸಿಕೊಂಡಿದ್ದರು. ಪಾಳ್ಯದ ಸೀಮೆಯಲ್ಲಿ ಪಾಠ ಹೇಳುವ ಹೆಂಗಸು ಅದುವರೆಗೆ ಹುಟ್ಟಿರಲಿಲ್ಲ. ಇಂಥದ್ದರಲ್ಲಿ ತಾಯಿಗೆ ಮೈ ಸರಿಯಿಲ್ಲವೆಂದು ಮುತ್ತಿಗೆಪುರದಿಂದ ಹೇಳಿಕಳಿಸಿದರು. ಜ್ಞಾನಮ್ಮ ನಾಲ್ಕು ದಿನದಲ್ಲಿ ಬರುತ್ತೇನೆಂದು ಹೇಳಿ ಹೊರಟಳು. ಅವಳು ಹೋದ ಮೂರನೆಯ ದಿನ ಪೇಟೆಯ ಮಂಡಿಗಳಲ್ಲಿ ಇಲಿಗಳು ಸತ್ತು ಬಿದ್ದವು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಹೊರಟಿತು. ಸರ್ಕಾರದ ಡಾಕ್ಟರು ಕುದುರೆ ಮೇಲೆ ಬಂದು, ಶಾಲೆಯ ಕದ ಹಾಕಿಕೊಳ್ಳಿ, ರೋಗ ಬಿದ್ದ ಊರಿನಿಂದ ಬಂದವರು ಯಾರೇ ಇರಲಿ, ಹತ್ತು ದಿನ ಹೊರಗಿದ್ದು ಜ್ವರ ಬಾರದಿದ್ದರೆ ಮಾತ್ರ ಒಳಗೆ ಬಿಡಿ ಎಂದು ಕಟ್ಟಪ್ಪಣೆ ಮಾಡಿ ಹೋದರು. ಹೂಲಮ್ಮ ತಾವೇ ಅಗುಳಿ ಹಾಕಿದರು.

ಮುತ್ತಿಗೆಪುರದಲ್ಲಿ ಜ್ಞಾನಮ್ಮನ ತಾಯಿ ತೊಡೆಸಂದಿಯಲ್ಲಿ ಗೆಡ್ಡೆ ಎದ್ದು ಎರಡೇ ದಿನದಲ್ಲಿ ತೀರಿಕೊಂಡಳು. ಜ್ವರ ಹಿಡಿದ ಚೌರಪ್ಪನನ್ನು ಸರ್ಕಾರದವರು ರೋಗಿಗಳ ಶೆಡ್ಡಿಗೆ ಎಳೆದೊಯ್ದರು. ಹೋಗುವಾಗ ಅವನು ಮಗಳಿಗೆ, 'ನೀನು ಶಾಲೆಗೆ ಹೋಗಿಬಿಡು ಮಗ. ಆ ಗೋಡೆ ದಾಟಿ ಯಾವ ರೋಗಾನೂ ಬರಕಿಲ್ಲ. ನಾನೇ ಕಟ್ಟಿದ್ದು' ಎಂದನಂತೆ. ಮಾಗಿಯ ಚಳಿಯಲ್ಲಿ ಅವಳು ಒಬ್ಬಳೇ ಎರಡು ಹರಿದಾರಿ ನಡೆದು ಬಂದು ಕದ ಬಡಿದಳು.

'ನಾನು ಬಂದಿದ್ದೀನಿ ಮದರಮ್ಮ. ಅವ್ವ ಹೋಗ್ಬಿಟ್ಲು. ಕದ ತೆಗೀರಿ.'

ಹೂಲಮ್ಮ ಅಗುಳಿಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅಂಗಳದಲ್ಲಿದ್ದ ಮಕ್ಕಳೆಲ್ಲ ಓಡಿಬಂದರು. ಇದುವರೆಗೆ ಅವಳ ಕೈಯಿಂದ ತಲೆ ಬಾಚಿಸಿಕೊಂಡವರು, ಅವಳ ಪಕ್ಕದ ಚಾಪೆಯಲ್ಲಿ ಮಲಗಿದವರು. ಅವರಲ್ಲಿ ದೊಡ್ಡವರು ಮದರಮ್ಮನ ನಿಲುವಂಗಿ ಹಿಡಿದು, 'ಬೇಡಿ ಅಮ್ಮ, ತೆಗೀಬೇಡಿ, ನಾವು ಸತ್ತೋಗ್ತೀವಿ' ಎಂದು ಅಳಲು ಶುರುಮಾಡಿದರು. ನನ್ನ ಅಜ್ಜಿಗೆ ಆಗ ಹನ್ನೊಂದು ವರ್ಷ. ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳು ನಾನೇ ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಹೂಲಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಕದಕ್ಕೆ ಬಾಯಿಟ್ಟು, 'ತಾಳು ಮಗಳೇ. ಹತ್ತೇ ದಿನ. ತಾಳು' ಎಂದರು. ಆಚೆಯಿಂದ ಅವಳ ದನಿ 'ಹೂಂ' ಎಂದಿತು.

ಗಾರೆಯವರು ಕೂತು ಊಟ ಮಾಡಲೆಂದು ಚೌರಪ್ಪ ಗೋಡೆಯ ಹೊರಮಗ್ಗುಲಿಗೆ ಕಟ್ಟಿದ್ದ ಕಟ್ಟೆಯ ಮೇಲೆ ಜ್ಞಾನಮ್ಮ ಉಳಿದಳು. ಎರಡು ಕಂಬಳಿಗಳನ್ನು ಗೋಡೆಯಾಚೆಗೆ ಎಸೆದರು. ಹೊತ್ತಿಗೆ ಸರಿಯಾಗಿ ಬುಟ್ಟಿಯಲ್ಲಿ ಮುದ್ದೆ, ಸಾರು, ನೀರು ಇಳಿಬಿಟ್ಟರು. ಸಂಜೆಯ ಪಾಠದ ಹೊತ್ತಿಗೆ ಅವಳು ಹೊರಗಿನಿಂದಲೇ ಮಗ್ಗಿ ಹೇಳುತ್ತಿದ್ದಳು, ಒಳಗಿನ ಮಕ್ಕಳು ತಿರುಗಿ ಹೇಳುತ್ತಿದ್ದರು. ಪ್ರತಿ ಬೆಳಿಗ್ಗೆ ಹೂಲಮ್ಮ ಕದದ ಬಳಿ ಬಂದು ಮೈ ಹೇಗಿದೆ ಎಂದು ಕೇಳುವರು. ಅವಳು ಚೆನ್ನಾಗಿದೆ ಎನ್ನುವಳು. ಅವರು ತಾಳು ಎನ್ನುವರು. ನಾಲ್ಕು ದಿನ ಹೀಗೆ ಸುಸೂತ್ರವಾಗಿ ಕಳೆದವು. ಐದನೆಯ ದಿನ ಮಧ್ಯಾಹ್ನ ಪೇಟೆಯ ಕಡೆಯಿಂದ ಬಂದ ಹೆಂಗಸೊಬ್ಬಳು ತೂರಾಡುತ್ತ ಕಟ್ಟೆಯ ಬುಡದಲ್ಲಿ ಕುಸಿದು ಬಿದ್ದಳು. ಯಾರ ಮನೆಯವಳೋ ಗೊತ್ತಿಲ್ಲ. ಮೈ ಕೆಂಡವಾಗಿತ್ತು. ಕದದ ಸಂದಿಯಿಂದ ನೋಡಿದ ಹೂಲಮ್ಮ, 'ಅವಳ ಹತ್ತಿರ ಹೋಗಬೇಡ ಜ್ಞಾನ, ದೂರ ಸರಿ' ಎಂದು ಕೂಗಿದರು.

'ನೀರು ಕೇಳ್ತಾಳೆ ಅಮ್ಮ' ಎಂದಳು ಜ್ಞಾನಮ್ಮ. ನೀರಿನ ಚೆಂಬು ಎತ್ತಿಕೊಳ್ಳುತ್ತ, 'ನಾನೂ ಹೊರಗಿನೋಳೇ ಅಲ್ವಾ' ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ ಎನ್ನುತ್ತಿದ್ದಳು ಅಜ್ಜಿ. ಇದ್ದದ್ದನ್ನು ಇದ್ದಂತೆ ಹೇಳಿದ ಹಾಗಿತ್ತಂತೆ.

ಅವಳು ತನ್ನ ಪಾಲಿನ ನೀರನ್ನು ಆ ಹೆಂಗಸಿಗೆ ಕುಡಿಸಿದಳು, ಒಂದು ಕಂಬಳಿ ಹೊದಿಸಿದಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮರುದಿನ ಹೆಂಗಸು ಸತ್ತಳು. ಪ್ಲೇಗಿನ ಗಾಡಿಯವರು ಹೆಣ ಸಾಗಿಸಿದ ಮೇಲೆ ಹೂಲಮ್ಮ ಕದದ ಬಳಿ ಬಂದರು. 'ಇನ್ನು ಇವತ್ತಿನಿಂದ ಹತ್ತು ದಿನ, ಮಗಳೇ' ಎಂದರು. ಕಳೆದ ಆರು ದಿನ ಲೆಕ್ಕಕ್ಕಿಲ್ಲದೆ ಹೋದವು. ಅಂದು ಸಂಜೆ ಹೊರಗಿನಿಂದ ಮಗ್ಗಿ ಕೇಳಿಸಿತು. ಒಳಗಿನ ಯಾವ ಮಗುವೂ ತಿರುಗಿ ಹೇಳಲಿಲ್ಲ. ದನಿಯ ಮೂಲಕವೂ ರೋಗ ಬಂದೀತೆಂದು ಅವರು ಹೆದರಿದ್ದರು. ಏಳರ ಮಗ್ಗಿ ಮುಗಿಸಿ ಜ್ಞಾನಮ್ಮ ಸುಮ್ಮನಾದಳು.

ಅವಳು ಬಂದ ಒಂಬತ್ತನೆಯ ಬೆಳಿಗ್ಗೆ ಮೈ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಆಗ ಹೂಲಮ್ಮ ಅಗುಳಿ ತೆಗೆದರು. ಹೊರಗೆ ಕಾಲಿಟ್ಟು, ನನ್ನ ಹಿಂದೆ ಕದ ಹಾಕಿಕೊಳ್ಳಿ, ನಾನು ಕೇಳಿದರೂ ತೆಗೆಯಬೇಡಿ ಎಂದು ಇನ್ನೊಬ್ಬ ಸಿಸ್ಟರಿಗೆ ಹೇಳಿದರು. ಎರಡು ದಿನ ಅವರು ಆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲಿದ್ದರು. ಜ್ವರದ ಭರದಲ್ಲಿ ಜ್ಞಾನಮ್ಮ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ ಮಾತು: 'ಹತ್ತು ದಿನ ಆಯ್ತಾ ಅಮ್ಮ?' ಆಯಿತು, ಆಯಿತು ಎಂದು ಹೂಲಮ್ಮ ಹೇಳುತ್ತಲೇ ಇದ್ದರು. ಅದು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಹನ್ನೊಂದನೆಯ ದಿನ ಬಿಸಿಲೇರುವ ಹೊತ್ತಿಗೆ ಅವಳು ಹೋದಳು. ಗಾಡಿಯವರು ಬಂದು, ಎಲ್ಲರನ್ನೂ ಹೂಳುತ್ತಿದ್ದ ದೊಡ್ಡ ಹಳ್ಳದಲ್ಲಿ ಅವಳನ್ನೂ ಹಾಕಿ ಸುಣ್ಣ ಸುರಿದರು. ಆಮೇಲೆ ಹೂಲಮ್ಮ ತಮ್ಮ ಪಾಲಿನ ಹತ್ತು ದಿನವನ್ನು ಅದೇ ಕಟ್ಟೆಯ ಮೇಲೆ ಕಳೆದರು. ಅವರು ರೋಗಕ್ಕಾಗಿ ಕಾದು ಕೂತಿದ್ದರು ಎನ್ನುತ್ತಾರೆ. ಅದು ಅವರನ್ನು ಮುಟ್ಟಲಿಲ್ಲ.

ಬೇಸಿಗೆಯ ಹೊತ್ತಿಗೆ ಪ್ಲೇಗು ಇಳಿಯಿತು. ಒಂದು ದಿನ ಶೆಡ್ಡಿನಿಂದ ಬದುಕಿ ಬಂದ ಚೌರಪ್ಪ ಮಗಳನ್ನು ನೋಡಲು ಶಾಲೆಗೆ ಬಂದ. ಎಲುಬಿಗೆ ಚರ್ಮ ಹೊದಿಸಿದಂತಾಗಿದ್ದ. ಹೂಲಮ್ಮ ಅವನನ್ನು ಕೂರಿಸಿ, ಒಂದನ್ನೂ ಮುಚ್ಚಿಡದೆ, ತಾವು ಅಗುಳಿಯಿಂದ ಕೈ ತೆಗೆದದ್ದನ್ನೂ ಬಿಡದೆ ಹೇಳಿದರು. ಅವನು ನಡುವೆ ಒಂದೇ ಸಲ ಬಾಯಿ ತೆರೆದು, 'ಊಟ ಕೊಟ್ರಾ?' ಎಂದ. ಕೊಟ್ಟೆವು ಎಂದರು. ಕೊನೆಗೆ ಹೂಲಮ್ಮ ಅವನ ಕಾಲ ಬಳಿ ಮಂಡಿಯೂರಿ, 'ಈ ಗೋಡೆ ಒಡೆದುಹಾಕು ಚೌರಪ್ಪ. ನನಗೆ ಇದನ್ನು ನೋಡಲಾಗುವುದಿಲ್ಲ' ಎಂದು ಬೇಡಿಕೊಂಡರು.

'ಏಳಿ ಅಮ್ಮ' ಎಂದ ಅವನು. 'ಒಳಗೆ ಮಕ್ಕಳವೆ. ನೀವು ಮಾಡಿದ್ದು ಸರಿಯಾಗೇ ಅದೆ. ತಪ್ಪು ಅಂತ ಇದ್ದಿದ್ರೆ ನಿಮ್ಮನ್ನ ಬೈದಾದರೂ ಬದುಕ್ತಿದ್ದೆ.'

ಅವನು ಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಂತ. ಅದರ ಮೇಲೆ ಕೂರಲಿಲ್ಲ. ಆಮೇಲೆ ಅವನು ಎಲ್ಲಿ ಹೋದನೆಂದು ಯಾರಿಗೂ ಗೊತ್ತಾಗಲಿಲ್ಲ. ಆ ಬಳಿಕ ಅವನು ಕಟ್ಟಿದ ಇನ್ನೊಂದು ಗೋಡೆ ಈ ಸೀಮೆಯಲ್ಲಿ ಇಲ್ಲ ಎನ್ನುತ್ತಾರೆ.

ಹೂಲಮ್ಮ ಮುಂದೆ ಇಪ್ಪತ್ತೆರಡು ವರ್ಷ ಇದೇ ಶಾಲೆಯಲ್ಲಿ ಬಾಳಿದರು. ಮಕ್ಕಳು ಹೆಚ್ಚಾದರು, ಕೋಣೆಗಳು ಹೆಚ್ಚಾದವು. ಅವರು ನಗುವುದನ್ನು ಮಾತ್ರ ಆ ಬಳಿಕ ಬಂದ ಯಾವ ಹುಡುಗಿಯೂ ಕಾಣಲಿಲ್ಲ. ತಾಳು ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ. ಶಾಲೆಯಲ್ಲಿ ಇಂದಿಗೂ ಯಾವ ಟೀಚರೂ ಯಾವ ಹುಡುಗಿಗೂ ಆ ಮಾತು ಹೇಳುವುದಿಲ್ಲ. ಎಷ್ಟೇ ತಡವಾಗಿ ಬಂದವಳನ್ನೂ ಹೊರಗೆ ನಿಲ್ಲಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ನನಗೂ ಇದನ್ನೇ ಮೊದಲು ಹೇಳಿಕೊಟ್ಟರು. ಈ ಪದ್ಧತಿಯಿಂದ ಹೂಲಮ್ಮನ ಮನಸ್ಸಿಗೆ ಕೊಂಚವಾದರೂ ತಂಪಾಯಿತೇ ಎಂದು ನಾನು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ಇಲ್ಲ ಎಂದಳು. ನಿನಗೆ ಎಂದು ಕೇಳಿದೆ. ಅಜ್ಜಿ ತನ್ನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಹೆಸರುಗಳನ್ನು ಒಂದೊಂದಾಗಿ ಎಣಿಸಿ, 'ಇಷ್ಟೂ ಜನ ಇದ್ದೀರಿ, ನಾನು ಅವತ್ತು ಅತ್ತಿದ್ದಕ್ಕೆ' ಎಂದಳು. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದಳು.

ಶಾಲೆ ನೋಡಲು ಬಂದವರನ್ನು ಈಗ ಮೊದಲು ಆಫೀಸಿನ ಪಡಸಾಲೆಗೆ ಕರೆದೊಯ್ಯುತ್ತಾರೆ. ಅಲ್ಲಿ ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ಪ್ಲೇಗಿನ ಮರುವರ್ಷವೇ ಸರ್ಕಾರ ಮೆಚ್ಚಿ ಅದನ್ನು ಕಳಿಸಿತ್ತಂತೆ. ಹೂಲಮ್ಮ ಅದನ್ನು ಗೋಣಿಯಲ್ಲಿ ಸುತ್ತಿ ಉಗ್ರಾಣದಲ್ಲಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಬಂದವರು, ಒಳ್ಳೆಯ ಕಲ್ಲು, ಹಾಳಾಗುವುದೇಕೆ ಎಂದು ತೆಗೆದು ಗೋಡೆಗೆ ಕೂರಿಸಿದರು. ಅಕ್ಷರಗಳಿಗೆ ಪ್ರತಿವರ್ಷ ಕಪ್ಪು ಬಣ್ಣ ತುಂಬುತ್ತಾರೆ. 'ಮಹಾಮಾರಿಯ ವರ್ಷದಲ್ಲಿ ಈ ಆವರಣದೊಳಗಿದ್ದ ಮೂವತ್ತೊಂದು ಮಕ್ಕಳಲ್ಲಿ ಒಂದೂ ಅಳಿಯಲಿಲ್ಲ' ಎಂದು ಅದರಲ್ಲಿ ಕೆತ್ತಿದೆ. ಬಂದವರು ನಿಂತು ಓದುತ್ತಾರೆ, ತಲೆದೂಗುತ್ತಾರೆ, ಪುಣ್ಯದ ಜಾಗ ಎನ್ನುತ್ತಾರೆ.